ಮದ್ದು ಬಿಡುವವರು ಆ್ಯಪ್‌ನಲ್ಲಿ ಸಿಗುತ್ತಾರಾ?

ಓದುಗರ ಪ್ರಶ್ನೆ, ಬದಿಯಡ್ಕದ ಅಕ್ಕನ ಉತ್ತರ

ನಮ್ಮ ಹಪ್ಪಳ, ಪುನರ್ಪುಳಿಯ ವೆಬ್‌ಸೈಟ್ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದೇ ಬರೆದದ್ದು, ಪತ್ರಗಳು ಸಾಲುಗಟ್ಟಿ ಬಂದವು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕನ್ನಡಿಗರಿಗೆಲ್ಲ ಈಗ ಸ್ಟಾರ್ಟಪ್ ಮಾಡಬೇಕು. ಹಾಗಾಗಿ ಅತ್ತೆ-ಸೊಸೆ ಪ್ರಶ್ನೆಗಳಿಗೆ ಈ ಸಲ ರಜೆ.

ಪ್ರಶ್ನೆ: ಅಕ್ಕಾ, ಇಂಜಿನಿಯರಿಂಗ್ ಮುಗಿಸಿ ಮಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ನಮ್ಮ ಕಡೆ ಅಡಿಕೆಗೆ ಮದ್ದು ಬಿಡಲು (ಸಿಂಪಡಿಸಲು), ತೆಂಗಿನಕಾಯಿ ಕೀಳಲು ಜನ ಸಿಗುವುದಿಲ್ಲ. ರೆಡ್‌ಬಸ್ ಥರ ಒಂದು ವೆಬ್‌ಸೈಟ್ ಮಾಡಿ, ತೋಟದವರು ಬುಕ್ ಮಾಡಿದರೆ ಕೆಲಸದವರು ಬರುವ ಹಾಗೆ ಮಾಡಬೇಕೆಂದಿದ್ದೇನೆ. ವೆಬ್‌ಸೈಟ್, ಆ್ಯಪ್ ಎರಡೂ ಸೇರಿ ಒಬ್ಬರು 1.80 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಅಪ್ಪ 2 ಲಕ್ಷ ಕೊಡಲು ಒಪ್ಪಿದ್ದಾರೆ. ಮುಂದುವರಿಯಲಾ?
– ಓದುಗ, ಪೆರ್ಲ

ಉತ್ತರ: ತಮ್ಮಾ, ರೆಡ್‌ಬಸ್ ಅಂತ ಬರೆದಿದ್ದೀಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಅದು 2006ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ಅದಕ್ಕೆ ಮೊದಲು ಒಂದು ದೀಪಾವಳಿಗೆ ಊರಿಗೆ ಹೋಗಲು, ಅದನ್ನು ಕಟ್ಟಿದವರಲ್ಲೊಬ್ಬರಾದ ಫಣೀಂದ್ರ ಸಾಮ ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಏಜೆಂಟರ ಹತ್ತಿರ ಅಲೆದದ್ದೇ ಬಂತು. ಯಾವ ಬಸ್ಸಿನಲ್ಲಿ ಯಾವ ಸೀಟು ಖಾಲಿ ಇದೆ ಅಂತ ಯಾವ ಏಜೆಂಟರಿಗೂ ಪೂರ್ತಿ ಗೊತ್ತಿರಲಿಲ್ಲ. ಸೀಟು ಇದ್ದರೂ ಇದ್ದೀತು, ಹೇಳುವವರಿಲ್ಲ. ಆ ಸುದ್ದಿಯನ್ನು ಒಂದು ಕಡೆ ತಂದಿಟ್ಟದ್ದೇ ಅವರ ವ್ಯಾಪಾರ.

ನಿನ್ನ ಕತೆ ಹಾಗಲ್ಲ. ಮಳೆ ಹಿಡಿಯುವ ಹೊತ್ತಿಗೆ ಪೆರ್ಲದಲ್ಲಿ ಮದ್ದು ಬಿಡುವವನೊಬ್ಬ ಕೆಲಸವಿಲ್ಲದೆ ಸುಮ್ನೆ ಕೂತಿರುತ್ತಾನಾ? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದು ಮಳೆಗೆ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಲೆಕ್ಕ ಎಲ್ಲ ಮನೆಗೂ ಒಂದೇ, ಬೇಕಾಗುವ ದಿನವೂ ಒಂದೇ. ಆ ವಾರ ಪೆರ್ಲದಿಂದ ಮುಳ್ಳೇರಿಯದವರೆಗೆ ಎಲ್ಲರೂ ಹುಡುಕುವುದು ಅದೇ ನಾಲ್ಕು ಜನರನ್ನು. ಅವರ ಫೋನ್ ನಂಬರ್ ಎಲ್ಲರ ಹತ್ತಿರವೂ ಇದೆ. ಅವರು ಫೋನ್ ಎತ್ತುವುದಿಲ್ಲ, ಅಷ್ಟೇ. ನಿನ್ನ ಆ್ಯಪ್ ಬಂದರೂ ಎತ್ತುವುದಿಲ್ಲ. ಇಲ್ಲಿ ಕಡಿಮೆ ಇರುವುದು ಸುದ್ದಿ ಅಲ್ಲ, ಆಳು. ಫೈಬರ್ ದೋಟಿ (ಉದ್ದದ ಕೋಲು) ಬಂದ ಮೇಲೆ ನೆಲದಲ್ಲೇ ನಿಂತು ಮದ್ದು ಬಿಡುವವರು ತಯಾರಾಗುತ್ತಿದ್ದಾರೆ, ನಿಜ. ಆದರೆ ಜನ ತಯಾರು ಮಾಡುವುದು ವೆಬ್‌ಸೈಟಿನ ಕೆಲಸ ಅಲ್ಲ, ಅದು ಬೇರೆಯೇ ಕಸುಬು.

ಹಾಗಂತ ಐಡಿಯಾ ಬಿಟ್ಟುಬಿಡು ಅನ್ನುವುದಿಲ್ಲ. ನಿನ್ನ ಪತ್ರದಲ್ಲಿ ತೆಂಗಿನ ವಿಷಯ ಒಂದು ಮೂಲೆಯಲ್ಲಿ ಕೂತಿದೆ. ಅದನ್ನು ಮುಂದಕ್ಕೆ ತಾ. ತೆಂಗಿನಕಾಯಿ ಕೀಳಿಸುವುದು ಸುಮಾರು ಒಂದೂವರೆ ತಿಂಗಳಿಗೊಮ್ಮೆ, ವರ್ಷ ಪೂರ್ತಿ. ಈ ವಾರ ಒಂದು ಮನೆ, ಮುಂದಿನ ವಾರ ಇನ್ನೊಂದು ಮನೆ ಅಂತ ಹಂಚಬಹುದು. ಹತ್ತು ಮನೆಯ ಸರದಿ ಕೂಡಿಸಿ ಕೊಟ್ಟರೆ ಮರ ಹತ್ತುವವನಿಗೂ ಒಂದೇ ದಾರಿಯಲ್ಲಿ ಇಡೀ ದಿನದ ಕೆಲಸ. ಅವನಿಗೆ ಲಾಭ ಇದ್ದರೆ ಫೋನ್ ಎತ್ತುತ್ತಾನೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರು ಅಂತ ಒಂದು ತರಬೇತಿ ಶುರು ಮಾಡಿತ್ತು. ಯಂತ್ರ ಕಟ್ಟಿಕೊಂಡು ಮರ ಹತ್ತಲು ಕಲಿಸುವುದು. ಹಾಗೆ ಕಲಿತವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಮೊದಲು ಅವರನ್ನು ಹಿಡಿ.

ಇನ್ನು 1.80 ಲಕ್ಷ. ಈಗ ಒಂದು ರೂಪಾಯಿಯೂ ಕೊಡಬೇಡ. ಒಂದು ವಾರ್ಡ್ ಆರಿಸಿಕೋ. ಒಂದು ನೋಟ್‌ಬುಕ್, ಒಂದು ವಾಟ್ಸ್ಆ್ಯಪ್ ನಂಬರ್. ಯಾವ ಮನೆಗೆ ಯಾವಾಗ ಕಾಯಿ ಕೀಳುವ ದಿನ ಬರುತ್ತದೆ ಅಂತ ಬರೆದಿಡು. ದಿನ ಹತ್ತಿರ ಬಂದಾಗ ನೀನೇ ಫೋನ್ ಮಾಡು, ನೀನೇ ಜನ ಕಳಿಸು. ಆಮೇಲೆ ಆ ಮನೆಯವರ ಹತ್ತಿರ ದುಡ್ಡು ಕೇಳು. ಕೂಲಿ ಬೇರೆ, ಅದು ಹತ್ತುವವನದ್ದು. ನಿನ್ನ ಪಾಲಿನದ್ದು, ವರ್ಷಕ್ಕೆ ಇಷ್ಟು ಅಂತ, ಮುಂಗಡವಾಗಿ. ‘ಒಳ್ಳೆ ಐಡಿಯಾ ಮಾರಾಯ’ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ಖರ್ಚಿಲ್ಲ. ಮುಂಗಡ ಅಂದ ಕೂಡಲೇ ಮುಖ ಹೇಗಾಗುತ್ತದೆ ನೋಡು. ಆ ಮುಖದಲ್ಲಿ ಇರುವಷ್ಟು ಮಾಹಿತಿ ಯಾವ ಸರ್ವೆಯಲ್ಲೂ ಇಲ್ಲ.

ಇನ್ನೊಂದು ತೊಡಕು ಖಂಡಿತ ಬರುತ್ತದೆ. ಎರಡನೇ ಸಲಕ್ಕೆ ತೋಟದವರು ನಿನ್ನನ್ನು ಬಿಟ್ಟು ಸೀದಾ ಅವನಿಗೇ ಫೋನ್ ಮಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡ, ನಾನಾದರೂ ಹಾಗೇ ಮಾಡುತ್ತೇನೆ. ಬರೀ ನಂಬರ್ ಕೊಡುವುದಕ್ಕೆ ಯಾರೂ ಎರಡು ಸಲ ದುಡ್ಡು ಕೊಡುವುದಿಲ್ಲ. ಅವರಿಗೆ ತಾವೇ ಮಾಡಲು ಉದಾಸೀನ ಆಗುವ ಕೆಲಸ ನೀನು ಮಾಡಬೇಕು. ಸರದಿ ನೆನಪಿಡುವುದು ಒಂದು. ಒಬ್ಬ ಬರದಿದ್ದರೆ ಇನ್ನೊಬ್ಬನನ್ನು ಕಳಿಸುವುದು ಒಂದು. ಮರದಿಂದ ಬಿದ್ದರೆ ಗತಿ ಏನು ಎಂಬ ಹೆದರಿಕೆ ತೋಟದ ಯಜಮಾನರಿಗೆ ಯಾವಾಗಲೂ ಇದ್ದದ್ದೇ. ಅದೇ ತೆಂಗು ಅಭಿವೃದ್ಧಿ ಮಂಡಳಿಯದ್ದು ಮರ ಹತ್ತುವವರಿಗೆ ಕೇರ ಸುರಕ್ಷಾ ಅಂತ ಒಂದು ವಿಮೆ ಇದೆ. ಆ ಕಾಗದ ಪತ್ರ ಎಲ್ಲ ನೀನು ನೋಡಿಕೊಂಡು, ‘ನಾನು ಕಳಿಸುವವರಿಗೆಲ್ಲ ವಿಮೆ ಆಗಿದೆ’ ಅಂತ ಹೇಳುವ ಹಾಗಾದರೆ, ಆಗ ನಿನಗೂ ಒಂದು ಬೆಲೆ ಬಂತು.

ಹೀಗೆ ಒಂದು ವಾರ್ಡಿನಲ್ಲಿ ನೋಟ್‌ಬುಕ್ ಸಾಲದೆ ಕೈ ಸೋಲುವಷ್ಟು ಕೆಲಸ ಬಂದರೆ ಆಗ ವೆಬ್‌ಸೈಟ್ ಮಾಡಿಸು. ಅಷ್ಟರಲ್ಲಿ ಅದರಲ್ಲಿ ಏನಿರಬೇಕು ಅಂತ ನಿನಗೇ ಗೊತ್ತಾಗಿರುತ್ತದೆ, 1.80 ಲಕ್ಷದ ಅರ್ಧವೂ ಬೇಕಾಗಲಿಕ್ಕಿಲ್ಲ. ಆ್ಯಪ್ ಅಂತೂ ಬೇಡವೇ ಬೇಡ. ಒಂದೂವರೆ ತಿಂಗಳಿಗೊಮ್ಮೆ ಬೇಕಾಗುವ ಆ್ಯಪನ್ನು ಯಾರೂ ಫೋನಿನಲ್ಲಿ ಇಟ್ಟುಕೊಳ್ಳುವುದಿಲ್ಲ. ‘ಜಾಗ ಇಲ್ಲ’ ಅಂತ ಮೊದಲು ಅಳಿಸುವುದು ಅದನ್ನೇ.

ನಮ್ಮ ಹಪ್ಪಳದ ಸೈಟ್ ತೆರೆದಾಗ ಬಂದ ಮೊದಲ ಆರ್ಡರ್‌ಗಳ ಪಟ್ಟಿ ಈಗಲೂ ಇದೆ. ಚಿಕ್ಕಮ್ಮ, ಅತ್ತಿಗೆಯ ತಂಗಿ, ಯಜಮಾನರ ಆಫೀಸಿನವರು, ಮತ್ತೆ ಇನ್ನೊಬ್ಬ ಚಿಕ್ಕಮ್ಮ. ಅದು ವ್ಯಾಪಾರ ಅಲ್ಲ, ಮುಯ್ಯಿ. ಗುರುತು ಪರಿಚಯವೇ ಇಲ್ಲದ ದಾವಣಗೆರೆಯ ಒಬ್ಬರು ತಾವಾಗಿ ದುಡ್ಡು ಕಟ್ಟಿ, ಮುಗಿದ ಮೇಲೆ ಮತ್ತೊಮ್ಮೆ ಕಟ್ಟಿದಾಗಲೇ ಇದು ನಡೆದೀತು ಅನ್ನಿಸಿದ್ದು. ನಿನ್ನ ನೋಟ್‌ಬುಕ್ಕಿನಲ್ಲೂ ನೆಂಟರಿಗೆ ಬೇರೆ ಪುಟ ಇಡು.

ಪ್ರಶ್ನೆ: ನಾವು ಐದು ಜನ ಹೆಂಗಸರು ಸೇರಿ ಹಲಸಿನ ಹಪ್ಪಳ ಮಾಡುತ್ತೇವೆ. ಆನ್‌ಲೈನ್‌ನಲ್ಲಿ ಮಂಗಳೂರು, ಬೆಂಗಳೂರಿಗೆ ಕಳಿಸುವ ಆಸೆ. ತಲಪಾಡಿ ಗಡಿ ದಾಟಿದರೆ ಜಿಎಸ್‌ಟಿ ಬೇಕೇ ಬೇಕು ಅಂತ ಒಬ್ಬರು ಹೆದರಿಸಿದ್ದಾರೆ. ಕೊರಿಯರ್‌ನವರು ಹೇಳುವ ದರ ಕೇಳಿದರೆ ಹಪ್ಪಳಕ್ಕಿಂತ ಅದೇ ಜಾಸ್ತಿ. ಏನು ಮಾಡುವುದು?
– ಓದುಗಳು, ಕುಂಬಳೆ

ಉತ್ತರ: ಹೆದರಿಸಿದವರು ಅರ್ಧ ಸರಿ ಹೇಳಿದ್ದಾರೆ. ತೆರಿಗೆ ಇರುವ ಸಾಮಾನನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾರುವುದಾದರೆ ವ್ಯಾಪಾರ ಎಷ್ಟು ಸಣ್ಣದಾದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಕೊಚ್ಚಿಯವರಿಗೆ ಇದು ದೂರದ ಮಾತು. ನಮಗೆ ಮನೆಬಾಗಿಲಿನದ್ದು, ಯಾಕೆಂದರೆ ನಮ್ಮ ಗಿರಾಕಿಗಳು ಹೆಚ್ಚಿನವರು ಗಡಿಯ ಆಚೆಗೇ. ಆದರೆ ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ವಸ್ತು ಮಾತ್ರ ಮಾರುವವರಿಗೆ ನೋಂದಣಿಯ ಕಡ್ಡಾಯವೂ ಇಲ್ಲ. ಜತೆಗೆ ಒಂದು ಬಾಟ್ಲಿ ಉಪ್ಪಿನಕಾಯಿ ಇಟ್ಟಿರೋ, ಲೆಕ್ಕ ಬದಲಾಯಿತು. ಅದಕ್ಕೆ ತೆರಿಗೆ ಇದೆ. ಹಾಗಾಗಿ ಮೊದಲು ಹಪ್ಪಳ ಒಂದೇ ಇರಲಿ. ನಾಳೆ ಉಪ್ಪಿನಕಾಯಿ ಸೇರಿಸುವಾಗ ‘ಕಾಂಪೊಸಿಷನ್ ಮಾಡಿ, ಸುಲಭ’ ಅಂತ ಯಾರಾದರೂ ಹೇಳಿಯಾರು. ಅದು ಸಣ್ಣ ವ್ಯಾಪಾರಿಗಳಿಗೆ ಇರುವ ಜಿಎಸ್‌ಟಿಯ ಸರಳ ಯೋಜನೆ. ಅದರಲ್ಲಿ ಇರುವವರು ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ, ಅದು ನಮಗೆ ಹೇಳಿದ್ದಲ್ಲ. ದೊಡ್ಡ ಆನ್‌ಲೈನ್ ಅಂಗಡಿಗಳ ಮೂಲಕ ಮಾರುವುದಾದರೆ ಅವರ ನಿಯಮ ಬೇರೆ ಇರುತ್ತದೆ, ಸಿಎ ಹತ್ತಿರ ಒಮ್ಮೆ ಕೇಳಿ.

ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಬಿಡಬೇಡಿ. ಪ್ಯಾಕೆಟ್ಟಿನ ಮೇಲೆ ಅದರ 14 ಅಂಕಿಯ ನಂಬರ್, ತೂಕ, ಬೆಲೆ, ಮಾಡಿದವರ ವಿಳಾಸ, ಪ್ಯಾಕ್ ಮಾಡಿದ ತಿಂಗಳು ಇರಲಿ.

ಈಗ ಕೊರಿಯರ್. ಅವರು ತೂಕ ಒಂದೇ ನೋಡುವುದಿಲ್ಲ, ಗಾತ್ರವನ್ನೂ ನೋಡುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಹೆಚ್ಚಿನವರು 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ. ನಿಜವಾದ ತೂಕ, ಈ ಲೆಕ್ಕದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನೀವು ಅಂಗಡಿಯಲ್ಲಿ ಸಿಕ್ಕಿದ ಹಳೆ ಪೆಟ್ಟಿಗೆಗೆ ತುಂಬಿಸುತ್ತಿದ್ದೀರಿ ಅಂತ ನನ್ನ ಅಂದಾಜು. 30, 30, 20ರ ಪೆಟ್ಟಿಗೆ ಅಂದರೆ 3.6 ಕಿಲೋದ ದರ. ಒಳಗೆ ಇರುವುದು ಒಂದೂವರೆ ಕಿಲೋ ಹಪ್ಪಳ, ಉಳಿದದ್ದು ಗಾಳಿ. ಬೆಂಗಳೂರಿಗೆ ಕುಂಬಳೆಯ ಗಾಳಿ ಕಳಿಸಿ ದುಡ್ಡು ಕೊಡುವುದು ಯಾಕೆ? ಉದ್ದ, ಅಗಲ, ಎತ್ತರ ಮೂರೂ 20ರ ಪೆಟ್ಟಿಗೆ ಮಾಡಿಸಿ. ಲೆಕ್ಕದ ತೂಕ 1.6ಕ್ಕೆ ಇಳಿಯುತ್ತದೆ. ಹಪ್ಪಳ ಹರಡಿ ಇಡದೆ ಕಟ್ಟು ಕಟ್ಟಿ ಒಂದರ ಮೇಲೊಂದು ನಿಲ್ಲಿಸಿ. ನಾವು ಪ್ಲಾಸ್ಟಿಕ್ ಕವರಿನ ಹೊರಗೆ, ಮೇಲೆ ಒಂದು ಕೆಳಗೆ ಒಂದು, ಚೆನ್ನಾಗಿ ಒಣಗಿದ ಅಡಿಕೆ ಹಾಳೆಯ ತುಂಡು ಇಡುತ್ತೇವೆ. ಅಂಚು ಪುಡಿಯಾಗುವುದು ಕಡಿಮೆ. ಹಾಳೆ ಹಸಿ ಇದ್ದರೆ ಬೂಸ್ಟು ಬರುತ್ತದೆ, ಜೋಪಾನ.

ಇನ್ನೊಂದು ವಿಚಿತ್ರ. ಕೆಲವು ಖಾಸಗಿ ಕೊರಿಯರ್‌ಗಳ ಪಟ್ಟಿಯಲ್ಲಿ ತಿರುವನಂತಪುರ ನಮಗೆ ಸ್ವಂತ ರಾಜ್ಯ, ಮಂಗಳೂರು ಹೊರರಾಜ್ಯ. ಐನೂರು ಕಿಲೋಮೀಟರಿಗಿಂತ ಜಾಸ್ತಿ ದೂರದ ಊರಿಗೆ ಕಡಿಮೆ ದರ, ಕಣ್ಣಳತೆಯ ಊರಿಗೆ ಜಾಸ್ತಿ! ಸ್ಪೀಡ್ ಪೋಸ್ಟ್ ದರ ದೂರದ ಮೇಲೆ ಹೋಗುತ್ತದೆ, ಗಡಿಯ ಮೇಲೆ ಅಲ್ಲ. ಮಂಗಳೂರು 200 ಕಿಲೋಮೀಟರಿನ ಒಳಗೇ ಬಂತು. ನಿಮ್ಮ ಪೋಸ್ಟಾಫೀಸಿನಲ್ಲಿ ಅದೇ ಪೆಟ್ಟಿಗೆ ಇಟ್ಟು ಕೇಳಿ ನೋಡಿ.

ಕ್ಯಾಶ್ ಆನ್ ಡೆಲಿವರಿ ಬೇಡ. ಗಿರಾಕಿ ಮನೆಯಲ್ಲಿಲ್ಲ ಅಂತ ಹಪ್ಪಳ ವಾಪಸ್ ಬಂದರೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ನಿಮ್ಮ ತಲೆಗೆ. ಯುಪಿಐ ಕ್ಯೂಆರ್ ಸಾಕು. ಆಮೇಲೆ ಸೈಟಿನಲ್ಲೇ ದುಡ್ಡು ಕಟ್ಟಿಸಿಕೊಳ್ಳುವ ಪೇಮೆಂಟ್ ಗೇಟ್‌ವೇ ಹಾಕಿಸಿದರೆ ಸಾಮಾನ್ಯವಾಗಿ ಶೇ. 2ರ ಆಸುಪಾಸು ಹಿಡಿಯುತ್ತಾರೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. 500 ರೂಪಾಯಿಯ ಆರ್ಡರಿಗೆ 11.80. ಬೆಲೆ ಇಡುವಾಗಲೇ ಅದನ್ನು ಸೇರಿಸಿಕೊಳ್ಳಿ.

ಪ್ರಶ್ನೆ: ನಾವಿಬ್ಬರು ಬಾಲ್ಯದ ಗೆಳೆಯರು. ಅವನು ದುಬೈಯಲ್ಲಿದ್ದು ದುಡ್ಡು ಹಾಕುತ್ತಾನೆ, ನಾನು ಊರಲ್ಲಿದ್ದು ವೆಬ್‌ಸೈಟಿನ ಕೆಲಸ ಎಲ್ಲ ನೋಡುವುದು. ಅರ್ಧ-ಅರ್ಧ ಅಂತ ಬಾಯಿಮಾತಿನಲ್ಲಿ ಆಗಿದೆ. ಕರ್ನಾಟಕ ಸರ್ಕಾರದ ಗ್ರಾಂಟ್‌ಗೆ ಅರ್ಜಿ ಹಾಕಬಹುದಾ?
– ಓದುಗ, ಮಂಜೇಶ್ವರ

ಉತ್ತರ: ಬಾಯಿಮಾತಿನ ಪಾಲುದಾರಿಕೆಗೂ 1932ರ ಕಾನೂನು ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಸಮಪಾಲು. ಸರಿ. ಕೆಲಸ ಮಾಡುವ ಪಾಲುದಾರನಿಗೆ ಸಂಬಳ ಇಲ್ಲ. ಅಂದರೆ ನೀವು ಮೂರು ವರ್ಷ ರಾತ್ರಿ ಹಗಲು ದುಡಿದರೂ ‘ನನ್ನ ದುಡಿಮೆಗೆ ಇಷ್ಟು’ ಅಂತ ಕೇಳುವ ಹಾಗಿಲ್ಲ. ಅತ್ತ ಗೆಳೆಯ ಬಂಡವಾಳದ ಮೇಲೆ ಹೆಚ್ಚಿಗೆ ಸಾಲ ಕೊಟ್ಟರೆ ಅದಕ್ಕೆ ವರ್ಷಕ್ಕೆ ಶೇ. 6 ಬಡ್ಡಿ ಕೇಳಬಹುದು. ದುಡ್ಡಿಗೆ ಬಡ್ಡಿ ಉಂಟು, ಬೆವರಿಗೆ ಇಲ್ಲ. ಗೆಳೆತನ ಗಟ್ಟಿ ಇರುವಾಗಲೇ ಬರೆದಿಡಿ. ನಿಮ್ಮ ಸಂಬಳ ಎಷ್ಟು, ಅವರ ದುಡ್ಡಿಗೆ ಏನು, ಒಬ್ಬರು ನಡುವೆ ಬಿಟ್ಟು ಹೋದರೆ ಏನು. ಸ್ಟಾರ್ಟಪ್‌ಗಳಲ್ಲಿ ಪಾಲನ್ನು ಒಮ್ಮೆಗೇ ಕೊಡದೆ ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ಕ್ರಮ ಇದೆ. ಮೊದಲ ವರ್ಷ ಪೂರ್ತಿ ಮಾಡದೆ ಹೋದವರಿಗೆ ಏನೂ ಇಲ್ಲ. ನಿಮಗೂ ಅದು ಒಳ್ಳೆಯದು.

ಸಾಲ ಬಂದರೆ ಸ್ವಂತ ಆಸ್ತಿಗೆ ತಗಲಬಾರದು ಅಂತಿದ್ದರೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಮಾಡಿ. ಗೆಳೆಯ ಹೊರದೇಶದಲ್ಲಿರುವ ಕಾರಣ ದುಡ್ಡು ತರುವ ದಾರಿಯನ್ನು ಸಿಎ ಹತ್ತಿರ ಮೊದಲೇ ಕೇಳಿ.

ಗ್ರಾಂಟ್ ವಿಷಯ. ನಮ್ಮ ಭಾಷೆ ಕನ್ನಡವಾದರೂ ಅರ್ಜಿಯ ವಿಳಾಸ ಕೇರಳದ್ದು, 1956ರ ನವೆಂಬರ್ 1ರಿಂದಲೂ. ಕರ್ನಾಟಕದ ಎಲಿವೇಟ್ ಯೋಜನೆಗೆ ಕರ್ನಾಟಕದಲ್ಲಿ ನೋಂದಣಿ ಆದ ಸ್ಟಾರ್ಟಪ್ ಬೇಕು. ನೀವು ಕೇರಳ ಸ್ಟಾರ್ಟಪ್ ಮಿಷನ್ ಕಡೆ ನೋಡಿ. ಅದಕ್ಕೆ ಮೊದಲು ಕೇಂದ್ರದ ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಮಾಡಿಸಿಕೊಳ್ಳಿ. ಕಂಪನಿ, ಎಲ್‌ಎಲ್‌ಪಿ, ನೋಂದಾಯಿತ ಪಾಲುದಾರಿಕೆಗೆ ಅದು ಸಿಗುತ್ತದೆ. ಬಾಯಿಮಾತಿಗೆ ಸಿಗುವುದಿಲ್ಲ.

ಪ್ರಶ್ನೆ: ಸೈಟ್ ಮಾಡಿಕೊಟ್ಟವರು ಈಗ ಫೋನ್ ಎತ್ತುತ್ತಿಲ್ಲ. ಡೊಮೈನ್ (ಸೈಟಿನ ವಿಳಾಸ) ಅವರ ಹೆಸರಿನಲ್ಲೇ ಇದೆಯಂತೆ. ಏನು ದಾರಿ?
– ಓದುಗ, ಮುಳ್ಳೇರಿಯ

ಉತ್ತರ: ಕೋಪದಲ್ಲಿ ಮೆಸೇಜ್ ಹಾಕಿದ್ದರೆ ಅಳಿಸಿ. ಡೊಮೈನ್ ಯಾರ ಹೆಸರಿನಲ್ಲಿದೆಯೋ, ಅದನ್ನು ನೋಂದಾಯಿಸುವ ಕಂಪನಿ, ಅಂದರೆ ರಿಜಿಸ್ಟ್ರಾರ್, ಅವರ ಮಾತನ್ನೇ ಕೇಳುವುದು. ಅವಧಿ ಮುಗಿಯುತ್ತದೆ ಅಂತ ನೆನಪಿಸುವ ಇಮೇಲ್ ಕೂಡ ಅವರಿಗೇ ಹೋಗುತ್ತದೆ, ನಿಮಗಲ್ಲ. ಹಾಗಾಗಿ ಮೊದಲು ಮುಗಿಯುವ ದಿನ ಯಾವುದು ಅಂತ ಡೊಮೈನ್ ವಿವರ ತೋರಿಸುವ ಹೂಈಸ್‌ನಲ್ಲಿ (WHOIS) ನೋಡಿ. ಆ ದಿನ ದೂರ ಇದ್ದರೆ ಸಾವಕಾಶ ಇದೆ. ನೀವು ದುಡ್ಡು ಕೊಟ್ಟ ರಸೀದಿ, ಆಗಿನ ಮಾತುಕತೆ ಒಟ್ಟು ಮಾಡಿ. ಬಾಕಿ ಏನಾದರೂ ಇದ್ದರೆ ಕೊಟ್ಟುಬಿಡಿ. ನೂರಕ್ಕೆ ತೊಂಬತ್ತು ಸಲ ಗಂಟು ಅಲ್ಲೇ ಇರುವುದು. ಆಮೇಲೆ ನಿಮ್ಮ ಹೆಸರಿನಲ್ಲಿ ಒಂದು ರಿಜಿಸ್ಟ್ರಾರ್ ಖಾತೆ ತೆರೆದು, ವರ್ಗಾವಣೆಯ ಕೋಡ್ ಕಳಿಸಿ ಅಂತ ಒಂದೇ ಸಾಲಿನಲ್ಲಿ ಕೇಳಿ. ‘ಎಲ್ಲ ಸೇರಿ ಸರಿ ಮಾಡಿಕೊಡಿ’ ಅಂದರೆ ಯಾರೂ ಮಾಡುವುದಿಲ್ಲ.

ಕೊಡಲೇ ಇಲ್ಲ ಅಂದರೆ, ಡಾಟ್ ಇನ್ ಹೆಸರಾದರೆ ಅವುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ವ್ಯಾಜ್ಯ ವ್ಯವಸ್ಥೆ ಇದೆ. ಆದರೆ ಹೆಸರಿನ ಮೇಲೆ ನಿಮ್ಮ ಹಕ್ಕು ತೋರಿಸಬೇಕು, ಖರ್ಚೂ ಉಂಟು. ವ್ಯಾಪಾರ ಇನ್ನೂ ಸಣ್ಣದಿದ್ದರೆ ಹೊಸ ಹೆಸರು ತೆಗೆದುಕೊಂಡು ಗಿರಾಕಿಗಳಿಗೆ ವಾಟ್ಸ್ಆ್ಯಪ್ ಮಾಡುವುದೇ ಅಗ್ಗ. ಗಿರಾಕಿಗಳ ನಂಬರ್ ಆದರೂ ನಿಮ್ಮ ಹತ್ತಿರ ಇದೆ ತಾನೇ?

ಪ್ರಶ್ನೆ: ತಂಗೀ, ನಾನು ನಿವೃತ್ತ ಅಧ್ಯಾಪಕ. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸಿಲೆಬಸ್ಸಿನ ಪಾಠ, ಪ್ರಶ್ನೆಪತ್ರಿಕೆ ಸಿಗುವ ಒಂದು ತಾಣ ಮಾಡಲು ಅಳಿಯ ಹೊರಟಿದ್ದಾನೆ. ಕನ್ನಡದಲ್ಲಿ ಮಾತ್ರ ಮಾಡಿದರೆ ನಡೆದೀತೇ? ಮಲಯಾಳ, ಇಂಗ್ಲಿಷ್ ಸೇರಿಸಬೇಕೇ?
– ಓದುಗ, ನೀರ್ಚಾಲು

ಉತ್ತರ: ಸೇರಿಸಬೇಡಿ ಮಾಷ್ಟ್ರೇ. ಮಲಯಾಳದಲ್ಲಿ ಕಲಿಯುವವರಿಗೆ ಬೇಕಾದಷ್ಟು ಇದೆ. ಬೆಂಗಳೂರಿನ ಕನ್ನಡ ತಾಣಗಳಲ್ಲಿ ಕರ್ನಾಟಕದ ಸಿಲೆಬಸ್. ಭಾಷೆ ಕನ್ನಡ, ಪಠ್ಯ ಕೇರಳದ್ದು ಅಂತ ಇರುವ ಮಕ್ಕಳನ್ನು ಕೇಳುವವರಿಲ್ಲ. ಮಾರುಕಟ್ಟೆ ಸಣ್ಣದು, ಒಪ್ಪಿದೆ. ಎಷ್ಟು ಸಣ್ಣದು ಅಂತ ನಿಮಗೆ ಸುಲಭದಲ್ಲಿ ಗೊತ್ತಾಗುತ್ತದೆ, ಜಿಲ್ಲೆಯ ಮುಖ್ಯೋಪಾಧ್ಯಾಯರಲ್ಲಿ ಅರ್ಧ ಜನ ನಿಮ್ಮ ಶಿಷ್ಯರೇ ಇದ್ದಾರು. ಹತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳು ಅಂತ ಒಂದೊಂದು ಫೋನ್. ಅಳಿಯನ ಖರ್ಚು ಆ ಸಂಖ್ಯೆಯ ಒಳಗೆ ನಿಲ್ಲಬೇಕು.

ಮೂರು ವಿಷಯ ಅಳಿಯನಿಗೆ ಹೇಳಿ. ಹಳೆಯ ಪ್ರಶ್ನೆಪತ್ರಿಕೆಗಳು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಇದ್ದರೆ, ಎಲ್ಲ ಕಂಪ್ಯೂಟರಿಗೂ ತಿಳಿಯುವ ಯುನಿಕೋಡ್‌ಗೆ ಬದಲಿಸಬೇಕು. ಇಲ್ಲದಿದ್ದರೆ ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಕೆಟ್ಟಿರುತ್ತದೆ. ಅದನ್ನು ತಿದ್ದಲು ನಿಮಗಿಂತ ಒಳ್ಳೆಯ ಜನ ಬೇಡ, ಕೆಂಪು ಪೆನ್ನಿನ ಅಭ್ಯಾಸ ಇದ್ದದ್ದೇ ಅಲ್ವಾ? ಎರಡನೆಯದು, ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಒಂದರಲ್ಲಿ ಹಿಡಿಯುವುದು 70 ಅಕ್ಷರ. ಇಂಗ್ಲಿಷಿನಲ್ಲಿ 160. ಅದರಲ್ಲೂ ‘ಕ್ಷೇ’ಯಂಥ ಒಂದಕ್ಷರವನ್ನು ಯಂತ್ರ ನಾಲ್ಕು ಅಂತ ಲೆಕ್ಕ ಹಾಕುತ್ತದೆ. ‘ಪ್ರಿಯ ವಿದ್ಯಾರ್ಥಿಗಳೇ’ ಅಂತ ಶುರು ಮಾಡಿ ಸ್ವಲ್ಪ ಬೆಳೆಸಿದರೆ ಎರಡು ಮೆಸೇಜಿನ ದುಡ್ಡು. ಮೂರನೆಯದು, ಮಕ್ಕಳು ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ. ‘ಗಣಿತ’ ಅಂತ ಹೇಗೆ ಒತ್ತಿದರೂ ಪಾಠ ಸಿಗುವ ಹಾಗೆ ಮಾಡಲಿ. ಬೈದು ಪ್ರಯೋಜನವಿಲ್ಲ ಮಾಷ್ಟ್ರೇ.

ಪ್ರಶ್ನೆ: ಮಗ ಬೆಂಗಳೂರಿನ ಒಳ್ಳೆ ಕೆಲಸ ಬಿಟ್ಟು ಬಂದು ಕೋಣೆ ಸೇರಿದ್ದಾನೆ. ಕೇಳಿದರೆ ಸ್ಟಾರ್ಟಪ್ ಅನ್ನುತ್ತಾನೆ. ಹೆಣ್ಣು ನೋಡಲು ಹೋದ ಕಡೆ ಏನಂತ ಹೇಳುವುದು?
– ಒಬ್ಬ ತಂದೆ, ಎಣ್ಮಕಜೆ

ಉತ್ತರ: ‘ಸ್ವಂತ ವ್ಯಾಪಾರ’ ಅಂತ ಹೇಳಿ ಅಣ್ಣ. ಸುಳ್ಳೇನಲ್ಲ. ಮಗನ ಹತ್ತಿರ ಎರಡೇ ಪ್ರಶ್ನೆ ಕೇಳಿ. ಸಂಬಳ ಇಲ್ಲದೆ ಎಷ್ಟು ತಿಂಗಳಿಗೆ ಕೈಯಲ್ಲಿ ದುಡ್ಡು ಇಟ್ಟಿದ್ದಾನೆ? ಅದು ಮುಗಿದ ಮೇಲೂ ಆದಾಯ ಬರದಿದ್ದರೆ ಏನು ಮಾಡುತ್ತಾನೆ? ತಡವರಿಸದೆ ಉತ್ತರ ಕೊಟ್ಟರೆ ಅವನನ್ನು ಅವನ ಪಾಡಿಗೆ ಬಿಡಿ, ಅಡಿಕೆ ಸುಲಿಯುವಲ್ಲಿಗೆ ದಿನಾ ಕರೆಯಬೇಡಿ. ತಡವರಿಸಿದರೆ ತೋಟದ ಮೇಲೆ ಸಾಲ ತೆಗೆಯುವ ಮಾತು ಬಂದಾಗ ಖಡಾಖಂಡಿತ ಬೇಡ ಅನ್ನಿ. ಮತ್ತೆ ಮಳೆಗಾಲಕ್ಕೆ ಮೊದಲು ಆ ಕೋಣೆಗೊಂದು ಇನ್ವರ್ಟರ್ ಹಾಕಿಸಿ ಕೊಡಿ. ನಿಮ್ಮ ಕಡೆ ಗಾಳಿ ಬಂದರೆ ಕರೆಂಟು ಹೋದದ್ದು ಯಾವಾಗ ಬರುತ್ತದೆ ಅಂತ ನಿಮಗೇ ಗೊತ್ತು.